ಕ್ಯಾಂಪಸ್ಸಿಗೆ ಬೋರ್ಡ್ ಮಾಡಿಸಿದ್ದು: ಗೋಕುಲ ರಸ್ತೆ ಕಡೆಯ ಒಂದು ವರ್ಕ್‌ಶಾಪ್ ಬಗ್ಗೆ

ಹುಬ್ಬಳ್ಳಿ-ಧಾರವಾಡದ ಒಂದು ವಿಶ್ವವಿದ್ಯಾಲಯದ ಎಸ್ಟೇಟ್ ವಿಭಾಗದಲ್ಲಿ ನನ್ನ ಕೆಲಸ. ಕ್ಯಾಂಪಸ್ಸಿನ ದಾರಿ ತೋರಿಸುವ ಬೋರ್ಡುಗಳನ್ನೆಲ್ಲ ಹೊಸದಾಗಿ ಮಾಡಿಸಿದೆವು. ಮಾಡಿದ್ದು ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ಒಂದು ವರ್ಕ್‌ಶಾಪ್. ಹೊಗಳಿಕೆ ಜೊತೆ ದೂರೂ ಇರುವುದರಿಂದ ಹೆಸರು ಬೇಡ. ಬೇಸಿಗೆ, ಮಳೆಗಾಲ ಎರಡೂ ಕಳೆಯಲಿ ಅಂತ ಕಾದು ಬರೆಯುತ್ತಿದ್ದೇನೆ. ಮೊದಲ ದಿನ ಎಲ್ಲರ ಬೋರ್ಡೂ ಚಂದವೇ ಕಾಣುತ್ತದೆ ಅಲ್ವಾ?

ಕೊಟೇಶನ್ ಕೊಟ್ಟ ಉಳಿದವರೆಲ್ಲ ಎಷ್ಟು ಸ್ಕ್ವೇರ್ ಫೂಟ್ ಅಂತಲೇ ಕೇಳಿದರು. ಇವರು ಮಾತ್ರ ಗೇಟಿನ ಹತ್ತಿರ ನಿಂತು ವಾಚ್‌ಮನ್ ಅವರನ್ನು ಕೇಳಿದರು: "ಕಾಕಾ, ಹೊರಗಿಂದ ಬಂದವರು ನಿಮ್ಮನ್ನ ಏನ್ ಕೇಳ್ತಾರ್ರೀ?"

"ಮಾರ್ಕ್ಸ್ ಕಾರ್ಡ್ ಎಲ್ಲಿ ಕೊಡ್ತಾರ, ಫೀ ಎಲ್ಲಿ ತುಂಬೂದು ಅಂತಾರ್ರೀ. ಆಡಳಿತ ಭವನ ಅಂತ ಯಾರೂ ಕೇಳಂಗಿಲ್ಲ."

ಈಗ ಗೇಟಿನ ಬೋರ್ಡಿನಲ್ಲಿ ಮೊದಲು ಇರುವುದೇ ಅಂಕಪಟ್ಟಿ, ಶುಲ್ಕ, ಪ್ರವೇಶ. ಗದಗ, ಹಾವೇರಿ ಕಡೆಯಿಂದ ಫೈಲ್ ಹಿಡಿದು ಬರುವವರಿಗೆ ಬೇಕಾಗಿರುವುದು ಅಷ್ಟೇ. ಕೆಲಸ ಮುಗಿಸಿ ಸಂಜೆ ಬಸ್ಸು ಹಿಡಿಯಬೇಕು. ನಮ್ಮ ವಿಶ್ವವಿದ್ಯಾಲಯದ ಬೇರೆ ಬೇರೆ ವಿಭಾಗಗಳ ಮುಖ್ಯಸ್ಥರಿಗೆ ಮಾತ್ರ ಇದು ಹಿಡಿಸಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ವಿಭಾಗದ ಹೆಸರು ಗೇಟಿನಲ್ಲೇ ಬೇಕು! ವರ್ಕ್‌ಶಾಪಿನವರು ಜಗಳಕ್ಕೆ ಹೋಗಲಿಲ್ಲ. ಎಲ್ಲ ಹೆಸರೂ ಇರುವ ಒಂದು ಕಾಗದದ ಬೋರ್ಡ್ ಅಂಟಿಸಿ, ಸ್ಕೂಟರ್ ಮೇಲೆ ಹೋಗುತ್ತಾ ಓದಿ ಅಂದರು. ಯಾರಿಗೂ ಓದಲಾಗಲಿಲ್ಲ. ಆಮೇಲೆ ಉಳಿದ ಹೆಸರುಗಳು ಮುಂದೆ ದಾರಿ ಕವಲೊಡೆಯುವ ಕಡೆಗೆ ಹೋದವು.

ಅಕ್ಷರದ ಅಳತೆಯಲ್ಲೂ ಗಟ್ಟಿ ಕೆಲಸಗಾರರು. ಒಂದು ಇಂಚಿನ ಅಕ್ಷರವನ್ನು ಸುಮಾರು 10 ಅಡಿಯಿಂದ ಸಲೀಸಾಗಿ ಓದಬಹುದು, ನಲವತ್ತು ಅಡಿಗೆ ನಾಲ್ಕು ಇಂಚು ಬೇಕು, ಇದು ಬೋರ್ಡಿನವರ ಲೆಕ್ಕ. ಇವರು ಕನ್ನಡದಲ್ಲಿ ಒತ್ತು ಬಿಟ್ಟು ಮೂಲ ಅಕ್ಷರವನ್ನಷ್ಟೇ ಅಳೆಯುತ್ತಾರೆ. ಒತ್ತಿಗೆ ಕೆಳಗೆ ಬೇರೆ ಜಾಗ ಬಿಡುತ್ತಾರೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಒಂದರ ಕೆಳಗೊಂದು ಬಂದಾಗ ಆ ಜಾಗದ ಬೆಲೆ ಗೊತ್ತಾಗುತ್ತದೆ. ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ ಮಾಡಿದ 2024ರ ಕಾನೂನಿನ ಅಳತೆಯನ್ನೇ ಇಲ್ಲೂ ಇಟ್ಟುಕೊಂಡರು. ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ.

ಅಷ್ಟೆಲ್ಲ ಮಾಡಿದವರು ಫೈಲ್ ವಿಷಯದಲ್ಲಿ ಎಡವಿದರು. ನಾವು ಕಳಿಸಿದ್ದು ಯುನಿಕೋಡ್, ಅಂದರೆ ಈಗ ಮೊಬೈಲ್, ಇಂಟರ್ನೆಟ್ಟಿನಲ್ಲೆಲ್ಲ ಬಳಸುವ ಅಕ್ಷರ. ಅವರ ಹುಡುಗ ಡಿಸೈನ್ ಮಾಡುವ ಸಾಫ್ಟ್‌ವೇರ್ ಆದ ಹಳೇ ಕೋರೆಲ್‌ನಲ್ಲಿ ಹಾಗೇ ಪೇಸ್ಟ್ ಮಾಡಿದ. 'ಸ್ನಾತಕೋತ್ತರ' ಒಡೆದು, ಒತ್ತು ಪಕ್ಕಕ್ಕೆ ಬಂದು ಕೂತಿತು. ಹಾಗೇ ಪ್ರಿಂಟ್ ಕೂಡ ಆಗಿಹೋಯಿತು. ಮತ್ತೆ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ತಮ್ಮ ಖರ್ಚಿನಲ್ಲೇ ಹೊಸ ಶೀಟ್ ಹಾಕಿಕೊಟ್ಟರು. ಆದರೆ ಅದು ಬರುವಷ್ಟರಲ್ಲಿ ಪ್ರವೇಶದ ಗಡಿಬಿಡಿಯೇ ಮುಗಿದಿತ್ತು.

ಸಾಮಾನು ಒಳ್ಳೆಯದು. ಫ್ಲೆಕ್ಸ್ ಎಲ್ಲೂ ಇಲ್ಲ. ಎಸಿಪಿ (ಎರಡು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ) ಶೀಟಿನ ಮೇಲೆ ಅಂಟಿಸುವ ವಿನೈಲ್ ಹಾಳೆ, ರಸ್ತೆ ಬದಿಯವಕ್ಕೆ ರಾತ್ರಿ ಲೈಟ್ ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಶೀಟ್. ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ ಅಂತ ಕಡುನೀಲಿ ಮೇಲೆ ಬಿಳಿ ಅಕ್ಷರ ಹಾಕಿದರು. ಪಶ್ಚಿಮಕ್ಕೆ ಮುಖ ಮಾಡಿದವೂ ಇನ್ನೂ ಹಾಗೇ ಇವೆ.

ಕಂಬದ ಕೆಲಸ ಮಾತ್ರ ಸುಮಾರು. ನಮ್ಮದು ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗುಂಡಿ ಆಳ ಇಲ್ಲದಿದ್ದರೆ ಕಂಬ ವಾಲುವುದು ಖಂಡಿತ. ಅದರ ಮೇಲೆ ದುಂಡು ಪೈಪು. ಕಾಂಕ್ರೀಟಿನೊಳಗಿನ ತುದಿಗೆ ಅಡ್ಡ ಸಲಾಕೆ ಬೆಸುಗೆ ಹಾಕಿರಲಿಲ್ಲ. ಗಾಳಿಗೆ ಇಡೀ ಬೋರ್ಡೇ ತಿರುಗಿತು. ಗ್ರಂಥಾಲಯದ ಬಾಣ ಹುಡುಗಿಯರ ಹಾಸ್ಟೆಲ್ ತೋರಿಸುತ್ತಿತ್ತು. ಹುಡುಗರಿಗೆ ಭಾರೀ ಖುಷಿ, ವಾರ್ಡನ್ ಮೇಡಂ ಮಾತ್ರ ಸೀದಾ ನಮ್ಮ ಆಫೀಸಿಗೇ ಬಂದರು.

ಅತೀ ಬೇಜಾರಾಗಿದ್ದು ಬ್ರೈಲ್ ಫಲಕಗಳಲ್ಲಿ. ಚುಕ್ಕೆಗಳನ್ನು ಬಣ್ಣದಲ್ಲಿ ಪ್ರಿಂಟ್ ಮಾಡಿ ತಂದಿದ್ದರು! ಮುಟ್ಟಿದರೆ ಸಪಾಟು. ಕಣ್ಣು ಕಾಣದವರ ಬೆರಳಿಗೆ ಏನು ಸಿಗಬೇಕು? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು, ಸುಮ್ನೆ ಒಪ್ಪಿಕೊಳ್ಳಬಾರದಿತ್ತು. ಆ ಕೆಲಸ ವಾಪಸ್ ಪಡೆದು ಬೇರೆಯವರಿಗೆ ಕೊಟ್ಟೆವು. ಫಲಕ ಬಾಗಿಲಿನ ಮೇಲೆ ಬೇಡ, ಹಿಡಿಕೆ ಇರುವ ಬದಿಯ ಗೋಡೆಗೆ ಇರಲಿ ಅಂತ ಹೊಸಬರೇ ಹೇಳಿದರು.

ಕ್ಯಾಂಪಸ್ ನಕ್ಷೆಯನ್ನೂ ಮೊದಲು ಎಲ್ಲ ಕಡೆ ಉತ್ತರ ಮೇಲೆ ಬರುವಂತೆ ಒಂದೇ ಥರ ಹಾಕಿದ್ದರು. ದಕ್ಷಿಣಕ್ಕೆ ಮುಖ ಮಾಡಿ ನಿಂತು ನೋಡುವವರಿಗೆ ಎಡ ಬಲವಾಗುತ್ತದೆ, ಬಲ ಎಡ. ನೋಡುವವರ ಎದುರಿಗಿದ್ದದ್ದು ನಕ್ಷೆಯ ಮೇಲ್ಭಾಗಕ್ಕೆ ಬರುವ ಹಾಗೆ ಒಂದೊಂದನ್ನೂ ತಿರುಗಿಸಿ ಕೊಟ್ಟರು. ಅದಕ್ಕೆ ಬೇರೆ ಡಿಸೈನ್ ಚಾರ್ಜ್, ಅದು ನ್ಯಾಯವೇ.

ಹೊರಗಿನ ಬೋರ್ಡುಗಳಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಂಬಕ್ಕೆ ಎರಡು ಜಾಸ್ತಿಯೇ ಆಯಿತು. ನೀವು ಹೋಗುವುದಾದರೆ ಕನ್ನಡದ ಪ್ರೂಫನ್ನು ಪೂರ್ತಿ ಸೈಜಿನ ಕಾಗದದಲ್ಲಿ ತೆಗೆಸಿ ನೋಡಿ. ಗುಂಡಿಯ ಆಳ ವರ್ಕ್ ಆರ್ಡರಿನಲ್ಲೇ ಬರೆಸಿ. ಬಿಲ್ಲಿನ ಕೊನೆ ಕಂತು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ನಾವು ಪೂರ್ತಿ ಕೊಟ್ಟುಬಿಟ್ಟಿದ್ದೇವೆ. ಗ್ರಂಥಾಲಯದ ಕಂಬದ ಬಗ್ಗೆ ಫೋನ್ ಮಾಡಿದರೆ "ನಾಳೆ ಹುಡುಗರನ್ನ ಕಳಸ್ತೀನ್ರೀ ಸರ್" ಅನ್ನುವುದು ಇನ್ನೂ ನಡೆದಿದೆ.