ಹಲ್ಲಿನ ಕಂದು ಕಲೆ: ಯೂಟ್ಯೂಬ್, ಆಶಾ ಅಕ್ಕ, ಲೈಬ್ರರಿ, ಯಾವುದು ಕೆಲಸಕ್ಕ ಬಂತು?

ನಮ್ಮ ಕೊಪ್ಪಳ ಜಿಲ್ಲಾದಾಗ, ಕುಷ್ಟಗಿ ಯಲಬುರ್ಗಾ ಕಡೆ ಅಂತೂ ಹೇಳೋದೇ ಬ್ಯಾಡ, ಬೋರ್ ನೀರಾಗ ಫ್ಲೋರೈಡ್ (ಜಾಸ್ತಿಯಾದ್ರ ಹಲ್ಲಿಗೆ ಕಲೆ ತರೋ ಲವಣ) ಇರೋದು ಹಳೇ ಸುದ್ದಿ. ಅಕ್ಕನ ಮಗನ ಮುಂದಿನ ಹಲ್ಲಿನ ಮ್ಯಾಲೆ ಕಂದು ಗೀರು ಕಂಡಿದ್ದಕ್ಕ ಮನ್ಯಾಗ ಒಂದೇ ವಾದ, ನೀರು ಕಾಯಿಸಿ ಕೊಟ್ರ ಸಾಕು ಅಂತ ಅವ್ವ, ಸಾಲಂಗಿಲ್ಲ ಅಂತ ಮಾವ. ಇದೇ ಪ್ರಶ್ನೆ ಹಿಡ್ಕೊಂಡು ಮೂರೂ ಕಡೆ ಹುಡುಕಿ ನೋಡ್ದೆ.

ಯೂಟ್ಯೂಬ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕುಂತಲ್ಲೇ ಸಿಗ್ತದ ಖರೆ, ಆದ್ರ ಸುಮಾರು ವಿಡಿಯೋ ಫಿಲ್ಟರ್ ಮಾರೋರವು, ಉಳಿದವು ಲಿಂಬಿಹಣ್ಣು ಸೋಡಾ ಹಚ್ಚಿ ತಿಕ್ರಿ ಅನ್ನೋವು (ಹಂಗ ತಿಕ್ಕಿದ್ರ ಹಲ್ಲಿನ ಮ್ಯಾಲಿನ ಪದರಾನೇ ಸವೀತದ).

ಲೈಬ್ರರಿಯೊಳಗ ಮೊದ್ಲು ಆರೋಗ್ಯದ ಕಪಾಟಿಗೆ ಹೋದೆ. ಸುತ್ತ ಎಲ್ಲಾ ಪಿಡಿಒ, ಪೊಲೀಸ್ ಎಕ್ಸಾಂಗೆ ಓದೋ ಹುಡುಗ್ರು, ಆ ಕಪಾಟಿನ ಕಡೆ ಯಾರೂ ತಿರುಗಿ ನೋಡಂಗಿಲ್ಲ. ಯೋಗ, ಮನೆಮದ್ದು, ಶುಗರ್, ಬಾಣಂತಿ ಆರೈಕೆ ಎಲ್ಲಾ ಇತ್ತು, ಫ್ಲೋರೈಡ್ ಮಾತ್ರ ಇಲ್ಲ. ಹೊಂಟು ನಿಂತಾಗ ಅಲ್ಲಿನ ಸರ್ ಕೇಳಿದ್ರು, "ನೀರಿಂದ ಬರೋದಲ್ಲೇನ್ರಿ? ಪರಿಸರದ ಪುಸ್ತಕದಾಗ ನೋಡ್ರಿ." ಅಲ್ಲೇ ಸಿಕ್ತು! ಕಾಯಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಆವಿಯಾಗಿ ಕಮ್ಮಿಯಾದಂಗ ಉಳಿದಿದ್ದರಾಗ ಅದರ ಪ್ರಮಾಣ ಇನ್ನಷ್ಟು ಏರ್ತದ, ಅಲ್ಲಿಗೆ ಅವ್ವನ ವಾದ ಮುಗೀತು. ಕುಡಿಯೋ ನೀರಾಗ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರೇ ಇಲ್ಲ ಅಂದ್ರ 1.5 ತನಕ. ಹಲ್ಲು ಇನ್ನೂ ವಸಡಿನೊಳಗ ರೂಪ ಆಗೋ ವಯಸ್ಸಿನಾಗ, ಅಂದ್ರ ಸುಮಾರು 8 ವರ್ಷದ ತನಕ, ಕುಡಿದ ನೀರಿನಿಂದ ಈ ಕಲೆ ಬರ್ತದ, ದೊಡ್ಡೋರಿಗೆ ಹೊಸದಾಗಿ ಹಲ್ಲಿಗೆ ಬರಂಗಿಲ್ಲ, ಆದ್ರ ವರ್ಷಗಟ್ಟಲೆ ಕುಡಿದ್ರ ಎಲುಬು ಕೀಲು ಹಿಡಿತಾವ. ಪಟಿಕ ಸುಣ್ಣ ಹಾಕಿ ನೀರಿನ ಫ್ಲೋರೈಡ್ ಕಮ್ಮಿ ಮಾಡೋ ನಲಗೊಂಡ ಪದ್ಧತಿನೂ ಚಿತ್ರ ಸಮೇತ ಇತ್ತು. ಪುಸ್ತಕ ಹಳೇದು, ಆರ್‌ಓ ಫಿಲ್ಟರ್ ಸುದ್ದೀನೇ ಇಲ್ಲ ಅದರಾಗ, ಹಂಗಾಗಿ ಮುದ್ರಣದ ವರ್ಷ ಮೊದ್ಲು ನೋಡ್ಕೊಬೇಕು.

ಆಶಾ ಅಕ್ಕಗೆ ಕೇಳಿದ್ರ ಇಷ್ಟೆಲ್ಲಾ ವಿವರಣೆ ಸಿಗಲಿಲ್ಲ. "ಪಂಚಾಯ್ತ್ಯಾಗ ನೀರು ಟೆಸ್ಟ್ ಮಾಡೋ ಕಿಟ್ ಐತಿ, ಬಾಟ್ಲಿ ತುಂಬ್ಕೊಂಡು ಬಾರಪ್ಪ" ಅಂದ್ರು, ಅಷ್ಟೇ. ಜಲಜೀವನ್ ಮಿಷನ್‌ನಾಗ ಊರಿನ ಹೆಣ್ಮಕ್ಕಳಿಗೆ ಟ್ರೇನಿಂಗ್ ಕೊಟ್ಟಾರಲ್ಲ, ಅದೇ ಕಿಟ್. ನೀರಿಗೆ ಕಿಟ್‌ನ ದ್ರಾವಣ ಹಾಕಿದಾಗ ಬರೋ ಬಣ್ಣಾನ ಕಾರ್ಡಿಗೆ ಹೋಲಿಸಿ ನೋಡೋದು. ನಮ್ಮ ಬೋರ್ ನೀರಿನ ಕಥೆ ಯಾವ ಪುಸ್ತಕದಾಗ ಇರ್ತದ ಹೇಳ್ರಿ?

ನನ್ನ ಓಟು ಲೈಬ್ರರಿಗೇ, ಯಾಕಂದ್ರ ಅಲ್ಲಿ ಯಾರೂ ಏನೂ ಮಾರೋದಿಲ್ಲ, ಕಾರಣ ತಿಳಿದ ಮ್ಯಾಲೆ ಏನು ಕೇಳಬೇಕು ಅನ್ನೋದೂ ತಿಳೀತು. ಆದ್ರ ಟೈಮ್ ಇಲ್ಲ, ಇವತ್ತೇ ಆಗ್ಬೇಕು ಅನ್ನೋರು ನೇರ ಆಶಾ ಅಕ್ಕನ ಕಡೆ ಹೋಗ್ರಿ. ಬಂದಿರೋ ಕಲೆಗೆ ಏನು ಮಾಡ್ಬೇಕು ಅನ್ನೋದಕ್ಕ ಮೂರೂ ಉಪಯೋಗ ಇಲ್ಲ, ಹಲ್ಲಿನ ಡಾಕ್ಟರೇ ನೋಡಬೇಕು. ಲೈಬ್ರರಿಗೆ ಹೋಗೋರು ಸೋಮವಾರ ಬಿಟ್ಟು ಹೋಗ್ರಿ, ಸಾಮಾನ್ಯವಾಗಿ ಅವತ್ತು ರಜಾ.