ಉಳಿ ಮಸೆಯುವ ಜಿಗ್ ಮಾಡಿಸುತ್ತಿದ್ದೀರಾ? ಮೊದಲು ತೋಳಿನ ಲಾಕ್ ನೋಡಿ

ಮರ ಕಡೆಯುವ ಲೇತ್ ಇಟ್ಟುಕೊಂಡವರು ಯಾರಾದರೂ ಗೌಜ್ (ತೋಡು ಇರುವ ಉಳಿ) ಮಸೆಯಲು ಮನೆಯಲ್ಲೇ ಜಿಗ್, ಅಂದರೆ ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಾಧನ, ಮಾಡಿಕೊಳ್ಳುತ್ತಿದ್ದರೆ, ಅಥವಾ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಥದ್ದೇ ಒಂದು ಜಿಗ್‌ನಿಂದಾಗಿ ನನ್ನ ಕೆನ್ನೆಗೆ ಹೊಲಿಗೆ ಬಿದ್ದಿದೆ. ಎಡಗೈ ಹೆಬ್ಬೆರಳ ಉಗುರು ಹೋಗಿದೆ. ಸೇಫ್ಟಿ ಕನ್ನಡಕ ಇರದಿದ್ದರೆ ಕಣ್ಣೇ ಹೋಗುತ್ತಿತ್ತು ಅಂತ ಡಾಕ್ಟರ್ ಹೇಳಿದರು.

ನಾನು ಸಾಮಿಲ್‌ನಲ್ಲಿ ಸಿಗುವ ಹಲಸು, ತೇಗದ ತುಂಡುಗಳಲ್ಲಿ ಬಟ್ಟಲು ಕಡೆಯುತ್ತೇನೆ. ಬಟ್ಟಲು ಕಡೆಯುವ ಗೌಜ್‌ನ ಮೂತಿ ದುಂಡಗೆ ಇರುತ್ತದೆ, ಅದರ ಅಂಚು ಎರಡೂ ಪಕ್ಕದಲ್ಲಿ ಹಿಂದಕ್ಕೆ ಬಾಗಿರುತ್ತದೆ. ಬರೀ ಕೈಯಲ್ಲಿ ಮಸೆದರೆ ಒಂದೊಂದು ಸಲ ಒಂದೊಂದು ಕೋನ ಬರುತ್ತದೆ. ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆಯುವವರು ಯಾವ ಜಿಗ್ಗೂ ಇಲ್ಲದೆ ಕೈಯಲ್ಲೇ ಉಳಿ ಮಸೆಯುವುದನ್ನು ನಿಂತು ನೋಡಿದ್ದೇನೆ. ಅದು ಚಿಕ್ಕಂದಿನಿಂದ ಕೈಗೆ ಬಂದ ವಿದ್ಯೆ. ನಮ್ಮಂಥವರಿಗೆ ಜಿಗ್ ಬೇಕೇ ಬೇಕು. ಹೊರದೇಶದ ಸೆಟ್ ತರಿಸಿದರೆ ಉಳಿ ಮಸೆಯುವ ಗ್ರೈಂಡರ್‌ಗಿಂತ ಜಾಸ್ತಿ ದುಡ್ಡಾಗುತ್ತದೆ. ಹಾಗಾಗಿ ಊರಿನ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಮಾಡಿಸಿದೆ.

ಜಿಗ್ ಇರುವುದು ಹೀಗೆ. ಗ್ರೈಂಡರ್ ಕೆಳಗೆ ಒಂದು ಸ್ಕ್ವೇರ್ ಪೈಪಿನ ತೋಳು. ಅದು ಇನ್ನೊಂದು ದಪ್ಪ ಪೈಪಿನೊಳಗೆ ಹಿಂದೆ ಮುಂದೆ ಜಾರುತ್ತದೆ. ತೋಳಿನ ತುದಿಯಲ್ಲಿ ವಿ ಆಕಾರದ ಗೂಡು. ಗೌಜ್ ಹಿಡಿಯುವ ಕ್ಲ್ಯಾಂಪಿಗೆ ಒಂದು ಕಾಲು ಇರುತ್ತದೆ. ಆ ಕಾಲನ್ನು ಗೂಡಿನಲ್ಲಿ ಕೂರಿಸಿ, ಉಳಿಯ ಮೂತಿಯನ್ನು ಗ್ರೈಂಡರಿನ ತಿರುಗುವ ಕಲ್ಲಿನ ಮೇಲಿಟ್ಟು, ಎಡಕ್ಕೆ ಬಲಕ್ಕೆ ತೂಗಿದರೆ ಆಯಿತು. ತೋಳು ಎಷ್ಟು ಹೊರಗೆ ಬಂದಿದೆ, ಕ್ಲ್ಯಾಂಪಿನಿಂದ ಉಳಿ ಎಷ್ಟು ಮುಂದೆ ಚಾಚಿದೆ, ಇವೆರಡರ ಮೇಲೆ ಕೋನ ನಿಲ್ಲುತ್ತದೆ.

ಶಾಪಿನವರು ಕೊಟ್ಟ ಜಿಗ್ ನೋಡಲು ಚೆನ್ನಾಗಿತ್ತು. ಪೇಂಟ್ ಕೂಡ ಹೊಡೆದಿದ್ದರು. ಆದರೆ ತೋಳನ್ನು ಹಿಡಿದು ನಿಲ್ಲಿಸಲು ಕೈಯಲ್ಲೇ ತಿರುಗಿಸುವ ಒಂದೇ ಒಂದು ಬಟರ್‌ಫ್ಲೈ ನಟ್ ಇತ್ತು. ಅದರ ಬೋಲ್ಟಿನ ತುದಿ ನುಣ್ಣನೆಯ ಪೈಪಿಗೆ ಒತ್ತಿಕೊಂಡಿತ್ತು, ಅಷ್ಟೇ. ಇನ್ನೂ ಒಂದು ಕೆಲಸ ಮಾಡಿದ್ದರು. ಗೌಜ್ ತೂಗುವಾಗ ಗಾರ್ಡಿಗೆ ತಾಗುತ್ತದೆ ಅಂತ ಕಲ್ಲನ್ನು ಮುಚ್ಚುವ ಆ ಗಾರ್ಡಿನ ಮುಂಭಾಗವನ್ನೇ ಕಟ್ ಮಾಡಿದ್ದರು. ಕೇಳಿದ್ದಕ್ಕೆ, "ಸಾರ್, ವಿಡಿಯೋದಲ್ಲಿ ಇದ್ದ ಹಾಗೇ ಮಾಡಿದೀವಿ, ಎಲ್ಲರೂ ಹೀಗೇ ಮಾಡಿಸ್ತಾರೆ" ಅಂದರು.

ಮೊದಮೊದಲು ಸರಿಯಾಗೇ ನಡೆಯಿತು. ಅಂಚು ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ ಹಲಸಿನ ಮರದಿಂದ ಸುರುಳಿ ಸುರುಳಿಯಾಗಿ ಹೊಟ್ಟು ಹಾರುತ್ತಿತ್ತು. ಆಮೇಲೆ ಒಂದು ದಿನ ಮಸೆಯುತ್ತಿದ್ದಾಗ ಕಿಡಿಗಳ ದಾರಿ ಬದಲಾಯಿತು. ಅದುವರೆಗೆ ಗೌಜ್‌ನ ತೋಡಿನೊಳಗಿಂದ ಸಣ್ಣಗೆ ಮೇಲೆ ಬರುತ್ತಿದ್ದ ಕಿಡಿ ಇದ್ದಕ್ಕಿದ್ದಂತೆ ದಪ್ಪಗೆ ಕೆಳಕ್ಕೆ ಸುರಿಯಿತು. ಏನು ಅಂತ ಯೋಚಿಸುವಷ್ಟರಲ್ಲಿ ಉಳಿ ಕೈಯಿಂದ ಕಿತ್ತುಕೊಂಡು ಹೋಯಿತು. ಟಪ್ ಅಂತ ಒಂದು ಸದ್ದು. ಹೆಬ್ಬೆರಳು ಕ್ಲ್ಯಾಂಪಿಗೂ ರೆಸ್ಟಿಗೂ (ಕಲ್ಲಿನ ಮುಂದೆ ಉಳಿ ಆನಿಸುವ ಪಟ್ಟಿ) ನಡುವೆ ಸಿಕ್ಕಿಕೊಂಡಿತು. ಕಲ್ಲಿನ ಅಂಚಿನಿಂದ ಅಡಿಕೆ ಗಾತ್ರದ ಚೂರೊಂದು ಒಡೆದು ಹಾರಿ, ಕನ್ನಡಕದ ಕೆಳ ಅಂಚಿಗೆ ಬಡಿದು ಕೆನ್ನೆ ಸೀಳಿತು. ಗಾರ್ಡ್ ಇರಬೇಕಾದ ಜಾಗದಿಂದಲೇ ಆ ಚೂರು ಬಂದಿತ್ತು.

ಗಾಯ ಆರಿದ ಮೇಲೆ ಜಿಗ್ ಬಿಚ್ಚಿ ನೋಡಿದೆ. ಪೈಪಿನ ಮೇಲೆ ಬೋಲ್ಟ್ ಗೀಚಿಕೊಂಡು ಹೋದ ಗೆರೆ ಕಾಣುತ್ತಿತ್ತು, ಹೊಳೆಯುವ ಹೊಸ ಗೆರೆ. ತೋಳು ಹೊರಕ್ಕೆ ಜಾರಿತ್ತು. ಇದು ನಿಮಗೆ ಅರ್ಥವಾಗಲೇಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಲ್ಲು ನಮ್ಮ ಕಡೆಗೆ, ಮೇಲಿಂದ ಕೆಳಕ್ಕೆ ತಿರುಗುತ್ತದೆ. ನಮ್ಮಲ್ಲಿ ಸಿಗುವ 8 ಇಂಚಿನ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2850 ಸುತ್ತು ಹೊಡೆಯುತ್ತದೆ. ಅಂದರೆ ಕಲ್ಲಿನ ಅಂಚು ಗಂಟೆಗೆ 100 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಅದು ಉಳಿಯನ್ನು ಸದಾ ಗೂಡಿನ ಕಡೆಗೆ ತಳ್ಳುತ್ತದೆ. ಗೂಡು ತೋಳಿನ ತುದಿಯಲ್ಲಿದೆ, ಹಾಗಾಗಿ ಆ ಒತ್ತಡವೆಲ್ಲ ತೋಳನ್ನು ಹೊರಕ್ಕೆ ನೂಕುತ್ತದೆ. ನಾವು ಉಳಿಯನ್ನು ಎಷ್ಟೇ ಹಗುರವಾಗಿ ಹಿಡಿದರೂ ಮೋಟರಿನ ಅದುರಾಟ ಇದ್ದೇ ಇರುತ್ತದೆ. ಬಟರ್‌ಫ್ಲೈ ನಟ್ ಅದಕ್ಕೆ ಕೂದಲೆಳೆಯಷ್ಟೇ ಸಡಿಲವಾಗುತ್ತಾ ಹೋಗುತ್ತದೆ. ತೋಳು ಹೊರಕ್ಕೆ ಜಾರಿದ ಕೂಡಲೇ ಉಳಿಯ ಮೂತಿ ಕಲ್ಲಿನ ಮೇಲೆ ಕೆಳಕ್ಕೆ ಇಳಿಯುತ್ತದೆ. ಆಗ ಕಲ್ಲಿಗೆ ತಾಗುವುದು ಇಳಿಜಾರು ಮುಖ ಅಲ್ಲ, ಹರಿತವಾದ ಅಂಚು. ಅಂಚು ಕಚ್ಚಿತು ಅಂದರೆ ಕಲ್ಲು ಉಳಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಕೆಳಗೆ ರೆಸ್ಟ್ ಇದ್ದರೆ ಉಳಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಒಡೆಯುವುದು ಕಲ್ಲೋ, ಬೆರಳೋ.

ಜಿಗ್ ಮಾಡಿಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಈಗಲೂ ನಾನು ಬಳಸುವುದು ಇಲ್ಲೇ ಮಾಡಿಸಿದ ಜಿಗ್ಗೇ, ಆದರೆ ಬೇರೆಯದು. ತೋಳಿಗೆ 8 ಮಿ.ಮೀ. ದಪ್ಪದ ಎರಡು ಬೋಲ್ಟ್ (ಎಂ8), ಸ್ಪ್ಯಾನರ್ ಹಾಕಿಯೇ ಬಿಗಿಯುವಂಥವು. ಅದರ ಜೊತೆ, ತೋಳು ಹೊಕ್ಕಿರುವ ಪೈಪಿನ ಹಿಂಬದಿಯಲ್ಲಿ, ತೋಳಿನ ಮೇಲೆ ಬಳೆಯಂಥ ಒಂದು ಕಾಲರ್ ಕೂರಿಸಿ ಅದಕ್ಕೂ ಬೋಲ್ಟ್ ಹಾಕಿಸಿದ್ದೇನೆ. ಮುಂದಿನ ಎರಡು ಬೋಲ್ಟ್ ಸಡಿಲವಾದರೂ ಕಾಲರ್ ಪೈಪಿಗೆ ತಗುಲಿ ನಿಲ್ಲುತ್ತದೆ, ತೋಳು ಹೊರಕ್ಕೆ ಬರುವುದಿಲ್ಲ. ಪಿನ್ ಹಾಕಲು ತೂತು ಕೊರೆಸಬಹುದಿತ್ತು. ಆದರೆ ಕಲ್ಲು ಸವೆಯುತ್ತಾ ಸಣ್ಣದಾಗುತ್ತದೆ, ತೂತು ಇದ್ದಲ್ಲೇ ಇರುತ್ತದೆ, ಕೋನ ತಪ್ಪುತ್ತದೆ. ಕಾಲರ್ ಆದರೆ ಬೇಕಾದಂತೆ ಸರಿಸಿಕೊಳ್ಳಬಹುದು.

ಗೂಡು ಆಳವಾಗಿರಲಿ. ಆಳವಿಲ್ಲದ ಗೂಡಿನಲ್ಲಿ ಗೌಜನ್ನು ಪಕ್ಕಕ್ಕೆ ಪೂರ್ತಿ ತೂಗಿದಾಗ ಕ್ಲ್ಯಾಂಪಿನ ಕಾಲು ಹಾರಿ ಹೊರಬರುತ್ತದೆ. ಪ್ಲೈವುಡ್‌ನಲ್ಲಿ ತೋಳಿನ ಪೆಟ್ಟಿಗೆ ಮಾಡುವ ವಿಡಿಯೋಗಳೂ ಬೇಕಾದಷ್ಟಿವೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸಡಿಲವಾಗುವ ಮರವನ್ನು ನಾನಂತೂ ಆ ಜಾಗದಲ್ಲಿ ನಂಬುವುದಿಲ್ಲ. ಉಳಿ ಎಷ್ಟು ಚಾಚಬೇಕು ಅಂತ ಅಳೆಯುವ ತುಂಡನ್ನು ಮರದಲ್ಲಿ ಮಾಡಿಕೊಳ್ಳಿ, ಅದಕ್ಕೆ ಏನೂ ತೊಂದರೆ ಇಲ್ಲ. ನಾನು 45 ಮಿ.ಮೀ. ಇಟ್ಟುಕೊಂಡಿದ್ದೇನೆ.

ಗಾರ್ಡ್ ವಿಷಯದಲ್ಲಿ ಮಾತ್ರ ಯಾರು ಏನೇ ಹೇಳಿದರೂ ಒಪ್ಪಬೇಡಿ. ಗಾರ್ಡ್ ಕಟ್ ಮಾಡಿದರೆ ಮಾತ್ರ ಕೂರುವ ಜಿಗ್ ನಿಮಗೆ ಬೇಡ. ತೋಳನ್ನು ಕೆಳಗಿಳಿಸಿ, ಗ್ರೈಂಡರ್ ಕೆಳಗೆ ಹಲಗೆ ಕೊಟ್ಟು ಎತ್ತರಿಸಿ, ಏನಾದರೂ ಮಾಡಿ. ರೆಸ್ಟಿಗೂ ಕಲ್ಲಿಗೂ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಇರಬಾರದು. ಜಿಗ್ ಬಳಸುವಾಗ ರೆಸ್ಟ್ ಬೇಡವಾದರೆ ಪೂರ್ತಿ ಬಿಚ್ಚಿಡಿ, ಅರ್ಧಂಬರ್ಧ ಕೆಳಗೆ ಬಿಡಬೇಡಿ. ಕೈಗವಸು ಹಾಕಬೇಡಿ, ಕಲ್ಲು ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ಬರೀ ಕನ್ನಡಕ ಸಾಲದು, ಪೂರ್ತಿ ಮುಖ ಮುಚ್ಚುವ ಶೀಲ್ಡ್ ಹಾಕಿಕೊಳ್ಳಿ.

ಉಳಿ ಒಮ್ಮೆ ಕಚ್ಚಿದ ಕಲ್ಲನ್ನು, ಹೊರಗೆ ಏನೂ ಕಾಣದಿದ್ದರೂ, ಹಾಗೇ ಓಡಿಸಬೇಡಿ. ಬಿಚ್ಚಿ, ಬೆರಳಿಗೆ ತೂಗುಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಚೆನ್ನಾಗಿರುವ ಕಲ್ಲು ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಮೊದ್ದು ಸದ್ದು ಕೊಡುತ್ತದೆ. ಮೊದ್ದು ಸದ್ದು ಬಂದರೆ ಇನ್ಯಾರೂ ಎತ್ತಿಕೊಂಡು ಬಳಸದ ಹಾಗೆ ಒಡೆದು ಎಸೆಯಿರಿ. ಹೊಸ ಕಲ್ಲು ಹಾಕಿದಾಗ ಪಕ್ಕಕ್ಕೆ ನಿಂತು ಒಂದು ನಿಮಿಷ ಸುಮ್ನೆ ಓಡಲು ಬಿಡಿ.

ಈಗಾಗಲೇ ಇಂಥ ಜಿಗ್ ಮಾಡಿಸಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಪ್ಲಗ್ ಕೀಳಿ. ತೋಳನ್ನು ದಿನಾ ಬಿಗಿಯುವ ಹಾಗೇ ಬಿಗಿಯಿರಿ. ತೋಳು ಪೈಪಿನಿಂದ ಹೊರಬರುವ ಕಡೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಗ್ರೈಂಡರನ್ನು ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ತೋಳನ್ನು ಎರಡೂ ಕೈಯಲ್ಲಿ ಜಗ್ಗಿ ಎಳೆಯಲಿ, ಪಕ್ಕದಿಂದ ಮರದ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಹಾಕಲಿ. ಗೆರೆ ಒಂದು ಚೂರು ಸರಿದಿದ್ದರೂ ಲಾಕ್ ಬದಲಾಯಿಸುವ ತನಕ ಅದರಲ್ಲಿ ಉಳಿ ಮಸೆಯಬೇಡಿ.