ಕೋಚ್‌ಗಳೇ, ನಿಮ್ಮ ಹೆಸರಲ್ಲಿ ಬೇರೆಯವರು ಏನು ಮಾತು ಕೊಡುತ್ತಿದ್ದಾರೆ ನೋಡಿಕೊಳ್ಳಿ

"ನೀವು ಕೋಚಿಂಗ್ ಮಾಡಿ ಸಾಕು, ಕ್ಲೈಂಟ್ ತರೋದು ನಮ್ಮ ಕೆಲಸ" ಅಂತ ನಮ್ಮಂಥ ಬಿಸಿನೆಸ್ ಕೋಚ್‌ಗಳಿಗೆ ಹೇಳುವ ಏಜೆನ್ಸಿಗಳಿವೆ. ಜಾಹೀರಾತು ಅವರದೇ. ಡಿಸ್ಕವರಿ ಕಾಲ್, ಅಂದರೆ ವಿಚಾರಿಸಿದವರ ಜೊತೆಗಿನ ಮೊದಲ ಮಾತುಕತೆ ಕೂಡ ಅವರ ಕ್ಲೋಸರ್‌ಗಳೇ (ಮಾರಾಟ ಕುದುರಿಸುವವರು) ಮಾಡುತ್ತಾರೆ. ಫೀ ನಿಮ್ಮ ಖಾತೆಗೆ ಬರುತ್ತದೆ, ಕಮಿಷನ್ ಅವರಿಗೆ ಹೋಗುತ್ತದೆ. ಅಂಥ ಒಂದು ಏಜೆನ್ಸಿ ಜೊತೆ ನಾನು ಕೆಲಸ ಮಾಡಿದೆ. ಹೆಸರು ಬೇಡ ಬಿಡಿ.

ಕ್ಲೈಂಟ್‌ಗಳೇನೋ ಬಂದರು. ಆದರೆ ಮೊದಲ ಸೆಷನ್‌ನಲ್ಲೇ ಒಬ್ಬರು ಕೇಳಿದರು: "ಮೂರು ತಿಂಗಳಲ್ಲಿ ವಹಿವಾಟು ಡಬಲ್ ಗ್ಯಾರಂಟಿ ಅಂದಿದ್ರಲ್ಲ, ಹೇಗೆ ಮಾಡ್ತೀರಿ?" ನಾನು ಯಾರಿಗೂ ಕೊಡದ ಗ್ಯಾರಂಟಿ ಅದು. ಇನ್ನೊಬ್ಬರಿಗೆ ಬೇಕಿದ್ದದ್ದು ಕೋಚ್ ಅಲ್ಲವೇ ಅಲ್ಲ, ಲೆಕ್ಕ ಸರಿಮಾಡುವ ಅಕೌಂಟೆಂಟ್. ಮೊದಲ ಕಾಲ್‌ನಲ್ಲಿ ನಾನಿದ್ದಿದ್ದರೆ ಆಗಲೇ ಹೇಳಿ ಕಳಿಸುತ್ತಿದ್ದೆ. ಮತ್ತೊಬ್ಬರು ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಫೀ ಕಟ್ಟಿದ್ದರು, ಅದೂ ಕ್ಲೋಸರ್ ಒತ್ತಾಯಕ್ಕೆ. ಕಂತಿನ ಚಿಂತೆಯಲ್ಲಿ ಕೂತವರ ಹತ್ತಿರ ಐದು ವರ್ಷದ ಗುರಿ ಏನು ಅಂತ ಹೇಗೆ ಕೇಳೋದು?

ಕ್ಲೋಸರ್‌ಗೆ ದುಡ್ಡು ಹುಟ್ಟೋದು ಎದುರಿನವರು ಹೂಂ ಅಂದಾಗ ಮಾತ್ರ. "ನಿಮಗೆ ಇದು ಬೇಡ" ಅಂದರೆ ಬಿಡಿಗಾಸೂ ಇಲ್ಲ. ಆದರೆ ಆ ಕಾಲ್‌ನಲ್ಲಿ ಕೋಚ್ ಮಾಡಬೇಕಾದ ಮುಖ್ಯ ಕೆಲಸವೇ ಅದು, ಅಲ್ವಾ? 1995ರಲ್ಲಿ ಶುರುವಾದ ಕೋಚ್‌ಗಳ ಸಂಘ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನ ನೀತಿಸಂಹಿತೆಯೂ ಮೊದಲ ಮಾತುಕತೆಯ ಹೊಣೆಯನ್ನು ಕೋಚ್ ತಲೆಗೇ ಕಟ್ಟುತ್ತದೆ. ಕೋಚಿಂಗ್ ಅಂದರೆ ಏನು, ಅದರಿಂದ ಏನು ಉಪಯೋಗ ಆಗಬಹುದು, ಹಣದ ವ್ಯವಸ್ಥೆ ಏನು ಅನ್ನೋದನ್ನೆಲ್ಲ ಮೊದಲ ಭೇಟಿಯಲ್ಲಿ ಅಥವಾ ಅದಕ್ಕೂ ಮುಂಚೆ ವಿವರಿಸಿ, ಕ್ಲೈಂಟ್‌ಗೆ ಅರ್ಥವಾಗಿದೆಯಾ ಅಂತ ಖಚಿತ ಮಾಡಿಕೊಳ್ಳಬೇಕು. ಸುಮ್ನೆ ಸಹಿ ಹಾಕಿಸಿಕೊಂಡರೆ ಸಾಲದು.

ಮುಂದೆ ಆದದ್ದು ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕ ವಾಪಸ್ ಪಡೆಯೋದು. ಸಿಟ್ಟಾದವರು ಬ್ಯಾಂಕಿಗೆ ದೂರು ಕೊಟ್ಟರು. ಹಣ ವಾಪಸ್ ಹೋದದ್ದು ನನ್ನ ಖಾತೆಯಿಂದ, ಪೂರ್ತಿಯಾಗಿ. ಅದರ ಮೇಲೆ ಪೇಮೆಂಟ್ ಗೇಟ್‌ವೇ ಶುಲ್ಕ ಬೇರೆ. ದೂರು ಜಾಸ್ತಿಯಾದರೆ ಗೇಟ್‌ವೇಯವರು ಖಾತೆಯಲ್ಲಿರುವ ಉಳಿದ ಹಣವನ್ನೂ ತಡೆಹಿಡಿಯಬಹುದು. ಏಜೆನ್ಸಿಯ ಕಮಿಷನ್ ಮಾತ್ರ ಅವರ ಹತ್ತಿರವೇ ಉಳಿಯಿತು. ಮಾರಾಟವಾದ ಕ್ಷಣಕ್ಕೇ ಅದು ಅವರದು ಅಂತ ಒಪ್ಪಂದದಲ್ಲಿತ್ತು.

ಹಾಗಾಗಿ ಎಲ್ಲ ಕಾಲ್‌ಗಳ ರೆಕಾರ್ಡಿಂಗ್ ನನಗೆ ಕೊಡಬೇಕು ಅಂತ ಏಜೆನ್ಸಿ ಜೊತೆ ಸಹಿ ಮಾಡುವ ಮುಂಚೆಯೇ ಹೇಳಿ. ಕೊಡಲ್ಲ ಅಂದರೆ ಅಲ್ಲೇ ಎದ್ದು ಬನ್ನಿ. ರೀಫಂಡ್ ಆದರೆ ಕಮಿಷನ್ ಕೂಡ ವಾಪಸ್ ಬರಬೇಕು ಅಂತ ಬರೆಸಿಕೊಳ್ಳಿ. ಕೊನೆಯ ಮಾತುಕತೆ ನಿಮ್ಮ ಜೊತೆಯೇ ಆಗಬೇಕು, ಅದಾದ ಮೇಲೇ ಹಣ ತಗೊಳ್ಳೋದು ಅಂತಲೂ ಸೇರಿಸಿ. ಒಪ್ಪದ ಏಜೆನ್ಸಿಗಳೇ ಜಾಸ್ತಿ ಇರಬಹುದು, ಇರಲಿ.

ಜಾಹೀರಾತು ಖಾತೆ, ವಿಚಾರಿಸಿದವರ ಪಟ್ಟಿ ಎರಡೂ ನಿಮ್ಮ ಹೆಸರಲ್ಲೇ ಇರಲಿ. ನನ್ನ ವಿಷಯದಲ್ಲಿ ಇರಲಿಲ್ಲ. ನನ್ನನ್ನು ಹುಡುಕಿ ಬಂದವರಿಗೆ ಈಗ ಬೇರೊಬ್ಬ ಕೋಚ್ ಹೆಸರಲ್ಲಿ ಅದೇ ಗ್ಯಾರಂಟಿಯ ಕರೆ ಹೋಗುತ್ತಿದೆಯಂತೆ.